ಐದು ಸಾವಿರ ಧರ್ಮಿಷ್ಠರು

ಚನ್ನವೀರಯ್ಯ ಹುಟ್ಟಾ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಯಾಕೆಂದರೆ ಮುಂದೆ ಆಗುವ ರಂಪವನ್ನು ಓದಿದವರು ಅವನನ್ನು ಏನೇನೋ ಅಂದುಕೊಳ್ಳುವ ಸಂಭವವಿದೆ. ಅವನಿಗಿದ್ದದ್ದು ಒಂದೇ ತೊಂದರೆ. ಯಾರಾದರೂ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತಾ ಕೂತರೆ ಅವನಿಗೆ ಬೆವರು ಕಿತ್ತುಕೊಳ್ಳುತ್ತಿತ್ತು. ಆಗ ನಾಲಿಗೆಗೆ ಮೊದಲು ಸಿಕ್ಕಿದ್ದನ್ನು ಹೇಳಿಬಿಡುತ್ತಿದ್ದ. ಹೇಳಿದ್ದೇನೋ ನಿಜವೇ ಆಗಿರುತ್ತಿತ್ತು. ಆದರೆ ನಿಜದ ಯಾವ ತುದಿ ಹಿಡಿದು ಹೇಳಿದ್ದಾನೆ ಎಂಬುದು ಕೇಳಿದವರಿಗೂ ಗೊತ್ತಾಗುತ್ತಿರಲಿಲ್ಲ, ಅವನಿಗೂ ಗೊತ್ತಾಗುತ್ತಿರಲಿಲ್ಲ.

ಗುಬ್ಬಿಯಲ್ಲಿ ಹುಟ್ಟಿ ತುಮಕೂರಿನಲ್ಲಿ ಸಂಸಾರ ಹೂಡಿದ ಈ ಚನ್ನವೀರಯ್ಯ, ಎಪ್ಪತ್ತಾರನೆಯ ಇಸವಿಯಲ್ಲಿ, ಊರಾಚೆಯ ಹಳೇ ಬಂಗಲೆಯೊಂದರಲ್ಲಿದ್ದ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನಲ್ಲಿ ಅಟೆಂಡರ್ ಆಗಿದ್ದ. ಅಲ್ಲಿ ಇದ್ದದ್ದೆಲ್ಲ ಸತ್ತ ಪ್ರಾಣಿಗಳೇ. ಹುಲ್ಲು ತುಂಬಿದ ಚಿರತೆ, ಕಡಬದ ಕೆರೆಯ ಕೊಕ್ಕರೆ, ಸಾಲಾಗಿ ಜೋಡಿಸಿಟ್ಟ ಇಲಿಗಳ ತಲೆಬುರುಡೆ. ಬೆಳ್ಳಾವಿಯ ಹೊಲದ ಇಲಿಗೂ ಕಡಬದ ತೆಂಗಿನ ತೋಟದ ಇಲಿಗೂ ಹಲ್ಲಿನಲ್ಲಿ ಏನು ವ್ಯತ್ಯಾಸ ಎಂದು ಕಂಡುಹಿಡಿಯುವುದಕ್ಕೆ ಕ್ಯೂರೇಟರ್ ಡಾಕ್ಟರ್ ಶಕುಂತಲಮ್ಮನವರು ಹತ್ತು ವರ್ಷ ಸವೆಸಿದ್ದರು. ಹಲ್ಲು ನೋಡಬೇಕಾದರೆ ಬುರುಡೆಗೆ ಅಂಟಿದ ಮಾಂಸ ಹೋಗಬೇಕು. ಕುದಿಸಿದರೆ ಇಲಿಯ ಸಣ್ಣ ಮೂಳೆ ಸಡಿಲವಾಗುತ್ತದೆ, ಚಾಕು ಹಾಕಿದರೆ ಮುರಿಯುತ್ತದೆ. ಅದಕ್ಕಾಗಿ ಅವರು ಎಲ್ಲಿಂದಲೋ ಒಂದು ಜಾತಿಯ ಹುಳ ತರಿಸಿ ಹಿತ್ತಲಿನ ಕೋಣೆಯಲ್ಲಿ ಸಾಕಿದ್ದರು. ಕೊತ್ತಂಬರಿ ಬೀಜಕ್ಕಿಂತ ಸ್ವಲ್ಪ ಉದ್ದನೆಯ ಕಪ್ಪು ಹುಳ, ಮೈತುಂಬಾ ರೋಮವಿರುವ ಅದರ ಮರಿಗಳು. ಒಣಗಿದ ಇಲಿಯನ್ನು, ಒಳಗೆಲ್ಲ ಗಾಜು ಹೊದಿಸಿದ ಹುಳದ ಪೆಟ್ಟಿಗೆಗೆ ಹಾಕಿದರೆ ನಾಲ್ಕೇ ದಿನಕ್ಕೆ ಬೆಳ್ಳಗೆ ಹೊಳೆಯುವ ಎಲುಬಿನ ಹಂದರ ಸಿದ್ಧ. ಇಡೀ ಮ್ಯೂಸಿಯಮ್ಮಿನಲ್ಲಿ ಜೀವಂತವಾಗಿದ್ದ ಪ್ರಾಣಿಗಳೆಂದರೆ ಇವು, ಮತ್ತು ಇವುಗಳ ಯೋಗಕ್ಷೇಮಕ್ಕೆ ನೇಮಕವಾಗಿದ್ದ ಚನ್ನವೀರಯ್ಯ.

"ಒಂದೇ ಒಂದು ಹುಳ ಆಚೆ ಬಂದ್ರೂ ನನ್ನ ಚಿರತೆ, ಕೊಕ್ಕರೆ, ಚರ್ಮ, ಪುಕ್ಕ ಎಲ್ಲಾ ತಿಂದು ಮುಗಿಸ್ತವೆ. ಹತ್ತು ವರ್ಷದ ಕೆಲಸ ಮಣ್ಣುಪಾಲು. ಹುಷಾರು ಚನ್ನವೀರಯ್ಯ" ಎಂದು ಡಾಕ್ಟರು ವಾರಕ್ಕೊಮ್ಮೆ ಎಚ್ಚರಿಸುತ್ತಿದ್ದರು.

ಆ ಹುಳಕ್ಕೆ ಇಂಗ್ಲಿಷಿನಲ್ಲಿ ಡರ್ಮೆಸ್ಟಿಡ್ ಎಂದು ಹೆಸರು. ಮೊದಲ ದಿನವೇ ಡಾಕ್ಟರು ಅದನ್ನು ಬಿಡಿಸಿ ಬಿಡಿಸಿ ಹೇಳಿದ್ದರು. ಚನ್ನವೀರಯ್ಯನ ಕಿವಿಗೆ ಅದು ಧರ್ಮಿಷ್ಠ ಎಂದು ಬಿತ್ತು. ಎದುರು ಮಾತಾಡದೆ, ರಜೆ ಕೇಳದೆ, ಹಗಲೂ ರಾತ್ರಿ ದುಡಿಯುವ ಜೀವಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೇನಿದೆ ಎಂದು ಅವನು ಅದನ್ನು ಸಂತೋಷವಾಗಿ ಸ್ವೀಕರಿಸಿದ.

ಸಂಕಟವಿದ್ದದ್ದು ಧರ್ಮಿಷ್ಠರ ಊಟದಲ್ಲಿ. ಚನ್ನವೀರಯ್ಯನದು ಲಿಂಗ ಕಟ್ಟಿದ ಮನೆತನ. ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡುವಂತಿರಲಿಲ್ಲ. ಅಂಥವನು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು, ಇಕ್ಕಳದಲ್ಲಿ ಒಣ ಮಾಂಸದ ಚೂರು ಹಿಡಿದು ಪೆಟ್ಟಿಗೆಯೊಳಗೆ ಬಡಿಸಬೇಕು. ಎರಡು ವರ್ಷದಿಂದ ಈ ಗುಟ್ಟನ್ನು ಹೆಂಡತಿ ಬಸವಲಿಂಗಮ್ಮನಿಗೂ ಹೇಳಿರಲಿಲ್ಲ. ಕೆಲಸ ಏನು ಎಂದು ಕೇಳಿದವರಿಗೆಲ್ಲ "ಮೇಲ್ವಿಚಾರಣೆ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವುದರೊಳಗೆ ಅಲ್ಲಿಂದ ಕಾಲು ಕೀಳುತ್ತಿದ್ದ.

ಆದರೆ ಹೆಣ್ಣು ನೋಡುವ ಶಾಸ್ತ್ರದ ದಿನ ಹೆಣ್ಣಿನ ಅಪ್ಪ ಕಾಲು ಕೀಳುವುದು ಹೇಗೆ?

ಮಗಳು ಶಿವಗಂಗೆಗೆ ಕುಣಿಗಲ್ಲಿನಿಂದ ಸಂಬಂಧ ಬಂದಿತ್ತು. ಹುಡುಗ ಪ್ರೈಮರಿ ಶಾಲೆಯ ಮೇಷ್ಟ್ರು. ತಂದೆ ಬೆಟ್ಟಸ್ವಾಮಿ ಮೆತ್ತನೆಯ ಮನುಷ್ಯ. ಆ ಮನೆಯ ಕಡೆಯ ಮಾತು ಬೆಟ್ಟಸ್ವಾಮಿಯ ತಾಯಿ ಹೊಂಬಾಳಮ್ಮನದು. ಎಪ್ಪತ್ತೈದು ದಾಟಿದ ಮುದುಕಿ, ಕಿವಿ ಮಂದ, ಕಣ್ಣು ಚುರುಕು. ಶಿವಗಂಗೆ ಕಾಫಿ ಕೊಡುವಾಗ ಹುಡುಗನನ್ನು ಒಂದು ಸಲ ನೋಡಿದಳು, ಹುಡುಗ ಅವಳನ್ನು ಐದಾರು ಸಲ ನೋಡಿದ. ಈ ಮೊದಲು ಎರಡು ಸಂಬಂಧ ತಪ್ಪಿಹೋಗಿದ್ದವು. ಈ ಸಲ ಮಾತ್ರ ಆಗಿಯೇ ತೀರಬೇಕು ಎಂದು ಬಸವಲಿಂಗಮ್ಮ ಊರಿನ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದಾಗ ಬೆಟ್ಟಸ್ವಾಮಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದ.

"ತಾವು ಕೆಲ್ಸದಲ್ಲಿರೋದು ಎಲ್ಲಿ ಅಂದ್ರಿ?"

"ಮ್ಯೂಸಿಯಮ್ಮಿನಲ್ಲಿ."

"ಅಲ್ಲಿ ಏನು ಮಾಡ್ತೀರಿ?"

"ನೋಡ್ಕೊಳ್ಳೋದು."

"ಏನನ್ನ ನೋಡ್ಕೊಳ್ಳೋದು?"

ಕುಣಿಗಲ್ಲಿನ ಅಷ್ಟೂ ಮುಖಗಳು ಚನ್ನವೀರಯ್ಯನ ಕಡೆ ತಿರುಗಿದವು. ಅವನ ಹಣೆ ಒದ್ದೆಯಾಯಿತು.

"ಕೆಲ್ಸ ಮಾಡೋರನ್ನ."

"ಓಹೋ! ಎಷ್ಟು ಜನ ಅವ್ರೆ ತಮ್ಮ ಕೈಕೆಳಗೆ?"

ಹೋದ ವಾರವಷ್ಟೇ ಡಾಕ್ಟರು ಪೆಟ್ಟಿಗೆಯೊಳಗೆ ಇಣುಕಿ ಅಂದಾಜು ಹೇಳಿದ್ದರು. ಅದೇ ನಾಲಿಗೆಗೆ ಬಂತು. "ಒಂದೈದು ಸಾವ್ರ."

"ಎಷ್ಟಂದಾ?" ಎಂದಳು ಹೊಂಬಾಳಮ್ಮ.

"ಐದು ಸಾವ್ರ ಅಂತೆ ಕಣವ್ವಾ!" ಎಂದು ಬೆಟ್ಟಸ್ವಾಮಿ ತಾಯಿಯ ಕಿವಿಗೆ ಕೂಗಿದ. ಅದು ಇಡೀ ವಠಾರಕ್ಕೆ ಕೇಳಿಸಿತು. ಪಕ್ಕದ ಮನೆಯ ರೇವಮ್ಮ ಒಗ್ಗರಣೆಯ ಸೌಟನ್ನು ಹಾಗೇ ಬಿಟ್ಟು ಗೋಡೆಗೆ ಕಿವಿ ಹಚ್ಚಿದಳು.

"ಅಷ್ಟು ಜನಕ್ಕೆ ಸಂಬಳ ಯಾರು ಕೊಡ್ತಾರೆ?"

"ಸಂಬಳ ಗಿಂಬಳ ಏನಿಲ್ಲ. ಹೊತ್ತೊತ್ತಿಗೆ ತಿನ್ನಕ್ಕೆ ಹಾಕಿದ್ರೆ ಆಯ್ತು. ಕತ್ಲೆ ಕೋಣೆ ಇದ್ರೆ ಇನ್ನೂ ಚೆನ್ನಾಗಿ ಕೆಲ್ಸ ಮಾಡ್ತಾರೆ."

"ಸಂಸಾರ?"

"ಎಲ್ಲಾ ಅಲ್ಲೇ. ನಿಜ ಹೇಳ್ಬೇಕು ಅಂದ್ರೆ ದೊಡ್ಡೋರಿಗಿಂತ ಮಕ್ಕಳೇ ಜಾಸ್ತಿ ದುಡೀತವೆ."

"ಬಿಟ್ಟು ಹೋಗಲ್ವಾ?"

"ಹೋಗಕ್ಕಾಗಲ್ಲ. ಗೋಡೆ ಗಾಜಿಂದು, ಕಾಲು ಜಾರ್ತದೆ."

ಬೆಟ್ಟಸ್ವಾಮಿಗೆ ಏನೋ ಇರುಸುಮುರುಸಾಯಿತು. "ಎಂಥ ಜನ ಸ್ವಾಮಿ ಅವ್ರು?"

"ಧರ್ಮಿಷ್ಠರು" ಎಂದ ಚನ್ನವೀರಯ್ಯ, ಬದುಕಿದೆಯಾ ಬಡಜೀವವೇ ಎಂದು ಹಣೆ ಒರೆಸಿಕೊಳ್ಳುತ್ತಾ.

ಹೊಂಬಾಳಮ್ಮನಿಗೆ ಅದೊಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮುದುಕಿ ಕೈ ಎತ್ತಿ ಮುಗಿದಳು. "ಕೂಲಿ ಕೇಳ್ದೆ ಸೇವೆ ಮಾಡೋ ಐದು ಸಾವ್ರ ಧರ್ಮಿಷ್ಠರು! ಈ ಕಾಲದಲ್ಲೂ ಅವ್ರಲ್ಲಪ್ಪಾ!" ಎಂದು ಕಣ್ಣು ತುಂಬಿಕೊಂಡಳು. ಒಪ್ಪಿಗೆಯ ಮಾತು ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎಲ್ಲರೂ ಎದ್ದರು. ಚನ್ನವೀರಯ್ಯ ಅವರನ್ನು ಬಸ್ಸಿಗೆ ಹತ್ತಿಸಿ, ತಾನು ಒಂದೂ ಸುಳ್ಳು ಹೇಳಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಮನೆಗೆ ಬಂದ.

ಗೋಡೆಯ ಆಚೆಗಿದ್ದ ರೇವಮ್ಮನಿಗೆ ಧರ್ಮಿಷ್ಠ ಎಂಬ ಮಾತು ಕೇಳಿಸಿರಲಿಲ್ಲ. ಅಷ್ಟರಲ್ಲಿ ಒಗ್ಗರಣೆ ಹೊತ್ತಿ ಅವಳು ಒಲೆಗೆ ಓಡಿದ್ದಳು. ಸಂಬಳವಿಲ್ಲ, ಕತ್ತಲೆ ಕೋಣೆ, ಮಕ್ಕಳೂ ದುಡಿಯುತ್ತವೆ, ಓಡಿ ಹೋಗುವುದಕ್ಕಾಗುವುದಿಲ್ಲ ಎಂಬ ನಾಲ್ಕು ಮಾತು ಮಾತ್ರ ಅವಳ ಪಾಲಿಗೆ ಬಂದಿದ್ದವು. ಆ ನಾಲ್ಕೂ ಮಾತನ್ನು ಅವಳು ಸಂಜೆಗೇ ತನ್ನ ತಮ್ಮ ಚಿಕ್ಕಬೀರಯ್ಯನಿಗೆ ಮುಟ್ಟಿಸಿದಳು. ಚಿಕ್ಕಬೀರಯ್ಯ ಕೆಲಸ ಮಾಡುತ್ತಿದ್ದದ್ದು ಜೀತವಿಮುಕ್ತಿಯ ವಿಶೇಷಾಧಿಕಾರಿ ಅಡವಿಯಪ್ಪನವರ ಕಚೇರಿಯಲ್ಲಿ, ಗುಮಾಸ್ತನಾಗಿ.

ಅದು ಜೀತ ಪದ್ಧತಿ ರದ್ದಾದ ಕಾಲ. ಜೀತದಾಳುಗಳನ್ನು ಹುಡುಕಿ ಬಿಡಿಸಿ, ಎಷ್ಟು ಜನರನ್ನು ಬಿಡಿಸಿದಿರಿ ಎಂದು ವಾರವಾರವೂ ಮೇಲಕ್ಕೆ ವರದಿ ಕಳಿಸಬೇಕಾಗಿತ್ತು. ಅಡವಿಯಪ್ಪನವರು ಮೂರು ತಿಂಗಳು ಜೀಪಿನಲ್ಲಿ ಓಡಾಡಿ ಬಿಡಿಸಿದ್ದು ಇಬ್ಬರನ್ನು. ಅವರಲ್ಲಿ ಒಬ್ಬ ತಾನು ಮಾಲೀಕನ ಸ್ವಂತ ತಮ್ಮ ಎಂದು ಆಮೇಲೆ ಅರ್ಜಿ ಕೊಟ್ಟಿದ್ದ. ಇಂಥ ಹೊತ್ತಿನಲ್ಲಿ ಒಂದೇ ಕಡೆ ಐದು ಸಾವಿರ ಎಂದರೆ ಯಾರು ಕುರ್ಚಿಯಲ್ಲಿ ಕೂತಾರು? ಬುಧವಾರ ಚನ್ನವೀರಯ್ಯನಿಗೆ ಕರೆ ಬಂತು. "ನಿಮ್ಮ ಸಂಸ್ಥೆಯ ಹಿತ್ತಲ ಕೋಣೆಯಲ್ಲಿರುವ ಜೀವಗಳ ಸ್ಥಿತಿಗತಿಯ ಬಗ್ಗೆ ವಿಚಾರಿಸುವುದಿದೆ" ಎಂದು ಚೀಟಿಯಲ್ಲಿ ಬರೆದಿತ್ತು.

ಸರ್ಕಾರ ಹುಳಗಳ ಬಗ್ಗೆ ಇಷ್ಟೊಂದು ಕಾಳಜಿ ವಹಿಸುತ್ತಿದೆಯಲ್ಲ ಎಂದು ಚನ್ನವೀರಯ್ಯನಿಗೆ ಹೆಮ್ಮೆಯಾಯಿತು. ಒಗೆದ ಕೋಟು ಹಾಕಿಕೊಂಡು ಹೋದ. ಕಚೇರಿಯಲ್ಲಿ ಅಡವಿಯಪ್ಪನವರ ಪಕ್ಕ ಪೆನ್ನು ಹಿಡಿದು ಕೂತಿದ್ದ ಚಿಕ್ಕಬೀರಯ್ಯನನ್ನು ಕಂಡಾಗ ಮಾತ್ರ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಇಲ್ಲಿ ಮಾಂಸ ಎಂದರೆ ರೇವಮ್ಮನಿಗೆ ಗೊತ್ತಾಗುತ್ತದೆ, ರೇವಮ್ಮನಿಗೆ ಗೊತ್ತಾದರೆ ಕುಣಿಗಲ್ಲಿಗೆ ಗೊತ್ತಾಗುತ್ತದೆ. ಅದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುವುದೆಂದು ತೀರ್ಮಾನಿಸಿದ.

"ಎಷ್ಟಿದಾರ್ರೀ ಒಳಗೆ?" ಎಂದರು ಅಡವಿಯಪ್ಪನವರು.

"ಐದು ಸಾವ್ರ ಸಾರ್. ಈ ವಾರ ಇನ್ನೂ ಹುಟ್ಟಿರ್ಬೇಕು."

"ಕೋಣೆ ಎಷ್ಟು ದೊಡ್ಡದು?"

"ಹತ್ತಡಿಗೆ ಎಂಟಡಿ. ಆದ್ರೆ ಅಷ್ಟೂ ಬೇಕಾಗಲ್ಲ ಸಾರ್, ಒಂದು ಮೂಲೇಲೇ ಇರ್ತವೆ."

ಅಡವಿಯಪ್ಪನವರು ನೀರು ಕುಡಿದರು. "ಊಟಕ್ಕೇನು ಕೊಡ್ತೀರಿ?"

ಚನ್ನವೀರಯ್ಯ ಚಿಕ್ಕಬೀರಯ್ಯನ ಪೆನ್ನನ್ನು ನೋಡಿದ. "ಒಣಗಿದ್ದು."

"ಒಣಗಿದ ರೊಟ್ಟಿಯಾ?"

"ಹೆಚ್ಚೂಕಮ್ಮಿ ಹಂಗೇ ಅನ್ಕೊಳಿ ಸಾರ್."

"ಯಾವಾಗಿಂದ ಇದಾರೆ?"

"ಮೊದಲು ಬಂದೋರು ಈಗ ಯಾರೂ ಉಳ್ದಿಲ್ಲ. ಇವ್ರ ತಾತ, ಮುತ್ತಾತ ಎಲ್ಲಾ ಇಲ್ಲೇ ಹುಟ್ಟಿ ಇಲ್ಲೇ ಹೋದ್ರು. ಎಂಟು ತಲೆಮಾರು ಆಗಿರ್ಬೋದು."

"ಎಂಟು ತಲೆಮಾರು!" ಚಿಕ್ಕಬೀರಯ್ಯನ ಪೆನ್ನು ಕಾಗದದ ಮೇಲೆ ಮಸಿ ಕಾರಿತು. ಅಡವಿಯಪ್ಪನವರು ಮೇಜಿನ ಮೇಲೆ ಬಾಗಿದರು. "ಸತ್ತರೆ ಏನ್ರೀ ಮಾಡ್ತೀರಿ?"

"ಗುಡಿಸಿ ಹಾಕ್ತೀನಿ ಸಾರ್. ಶನಿವಾರ ಶನಿವಾರ."

ಇಷ್ಟು ಶಾಂತವಾಗಿ ಮಾತಾಡುವ ಕಟುಕನನ್ನು ಅಡವಿಯಪ್ಪನವರು ತಮ್ಮ ಸರ್ವೀಸಿನಲ್ಲೇ ನೋಡಿರಲಿಲ್ಲ. ಈಗಲೇ ಹಿಡಿದರೆ ಜನರನ್ನು ಎಲ್ಲಿಗಾದರೂ ಸಾಗಿಸಿಬಿಟ್ಟಾನು ಎಂದು ಯೋಚಿಸಿ, ಹಲ್ಲು ಕಚ್ಚಿಕೊಂಡು ನಗುತ್ತಾ, "ಸೋಮವಾರ ಬಂದು ನೋಡ್ತೀವಿ" ಎಂದರು. "ಖಂಡಿತ ಬನ್ನಿ ಸಾರ್. ಬಾಗಿಲು ಮಾತ್ರ ಬೇಗ ಹಾಕ್ಬಿಡ್ಬೇಕು, ಒಂದು ಆಚೆ ಬಂದ್ರೂ ಡಾಕ್ಟ್ರು ನನ್ನ ಕೊಂದಾಕ್ತಾರೆ" ಎಂದು ಕೈಮುಗಿದು ಚನ್ನವೀರಯ್ಯ ಹೊರಬಿದ್ದ. ಅವನು ಮೆಟ್ಟಿಲಿಳಿಯುವ ಮೊದಲೇ ಅಡವಿಯಪ್ಪನವರು ಬೆಂಗಳೂರಿಗೆ ತಂತಿ ಕೊಟ್ಟಿದ್ದರು: ಸೋಮವಾರ ಐದು ಸಾವಿರ ಜನರ ಬಿಡುಗಡೆ.

ಮಾರನೆಯ ದಿನ ಕುಣಿಗಲ್ಲಿನಿಂದ ಬೆಟ್ಟಸ್ವಾಮಿಯ ಕಾಗದ ಬಂತು. "ನಮ್ಮ ತಾಯಿಯವರು ತಮ್ಮಲ್ಲಿರುವ ಧರ್ಮಿಷ್ಠರಿಗೆ ಒಂದು ಹೊತ್ತು ದಾಸೋಹ ಮಾಡಿಸಲೇಬೇಕೆಂದು ಹಟ ಹಿಡಿದಿದ್ದಾರೆ. ಕೇರಿಯ ಹೆಂಗಸರೆಲ್ಲ ಸೇರಿ ತಂಬಿಟ್ಟು ಕಟ್ಟುತ್ತಿದ್ದಾರೆ. ನಾಲ್ಕು ಸಾವಿರ ದಾಟಿದೆ. ಮಿಕ್ಕವರಿಗೆ ಮಂಡಕ್ಕಿ. ಸೋಮವಾರ ಕೊಬ್ಬರಿ ಲಾರಿಯಲ್ಲಿ ಬರುತ್ತೇವೆ. ಸಂಬಂಧದ ವಿಷಯವನ್ನೂ ಅಲ್ಲೇ ಮಾತಾಡೋಣ."

ಕಾಗದ ಓದಿ ಚನ್ನವೀರಯ್ಯ ಗೋಡೆಗೆ ಒರಗಿದ. ಡಾಕ್ಟರಿಗೆ ಹೇಳೋಣವೆಂದರೆ ಅವರು ಇಲಿ ಹಿಡಿಸಲು ಕಡಬಕ್ಕೆ ಹೋಗಿದ್ದರು, ಬರುವುದು ಸೋಮವಾರವೇ. ಅವನು ಇನ್ನೂ ತಂಬಿಟ್ಟಿನ ಲೆಕ್ಕದಲ್ಲೇ ಮುಳುಗಿದ್ದಾಗ ಬಸವಲಿಂಗಮ್ಮ ನಲ್ಲಿಯ ಹತ್ತಿರದಿಂದ ಬಿರುಗಾಳಿಯ ಹಾಗೆ ಒಳಗೆ ಬಂದಳು. ರೇವಮ್ಮ ಅಲ್ಲಿ ಎಲ್ಲವನ್ನೂ ಒದರಿದ್ದಳು.

"ಐದು ಸಾವ್ರ ಜನನ ಜೀತಕ್ಕೆ ಇಟ್ಕೊಂಡಿದೀರಂತಲ್ರೀ! ಮೂರು ವರ್ಸ ಜೈಲಂತೆ!"

"ಯಾರೇ ಅಂದೋರು?"

"ಊರೆಲ್ಲಾ ಅಂತಾ ಐತೆ. ಅಲ್ಲಾ ಕಣ್ರೀ, ಐದು ಸಾವ್ರ ಜನ ಇದ್ರಲ್ಲ, ಹಿತ್ಲಲ್ಲಿ ಕಳೆ ಎದೆಮಟ್ಟ ಬೆಳ್ದದೆ, ಒಬ್ನೇ ಒಬ್ಬನ್ನ ಮನೆಗೆ ಕಳ್ಸಕ್ಕೆ ನಿಮ್ಗೆ ಮನಸ್ಸು ಬರ್ಲಿಲ್ವಾ?"

ಚನ್ನವೀರಯ್ಯನಿಗೆ ಬುಧವಾರದ ಮಾತುಕತೆಯೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಗುಡಿಸಿ ಹಾಕ್ತೀನಿ ಎಂದದ್ದು ನೆನಪಾದಾಗ ಅಲ್ಲೇ ಕೂತುಬಿಟ್ಟ. ನಿಜ ಹೇಳಿದರೆ ಮಾಂಸ ಬಡಿಸುವವನ ಮಗಳು ಎಂದು ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಜೀತ ಇಟ್ಟುಕೊಂಡವನ ಮಗಳು ಎಂದು ಮುರಿಯುತ್ತದೆ, ಜೈಲು ಬೇರೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಗಂಗೆ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು "ಸೋಮವಾರ ಎಲ್ಲಾ ಸರಿಹೋಯ್ತದೆ" ಎಂದ. ಅದು ಅವನು ಜೀವಮಾನದಲ್ಲಿ ಹೇಳಿದ ಮೊದಲ ಶುದ್ಧ ಸುಳ್ಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮ್ಯೂಸಿಯಮ್ಮಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಅಡವಿಯಪ್ಪನವರ ಜೀಪು, ನಾಲ್ವರು ಪೇದೆಗಳು, ಬಿಡುಗಡೆಯಾದವರನ್ನು ಕರೆದೊಯ್ಯಲು ಎರಡು ಖಾಲಿ ಲಾರಿ. ಇನ್ನೊಂದು ಕಡೆ ತಂಬಿಟ್ಟಿನ ಬುಟ್ಟಿಗಳೂ ಮಂಡಕ್ಕಿ ಮೂಟೆಗಳೂ ತುಂಬಿದ ಕುಣಿಗಲ್ಲಿನ ಲಾರಿ, ಅದರ ಮುಂದಿನ ಸೀಟಿನಲ್ಲಿ ಹೊಂಬಾಳಮ್ಮ. ರೇವಮ್ಮ ವಠಾರವನ್ನೇ ಕರೆದುಕೊಂಡು ಬಂದಿದ್ದಳು. ಬಸವಲಿಂಗಮ್ಮ ಮಗಳ ಕೈ ಹಿಡಿದು ಹುಣಸೆಮರದ ಕೆಳಗೆ ನಿಂತಿದ್ದಳು. ಅಷ್ಟೂ ಜನರ ನಡುವೆ ಚನ್ನವೀರಯ್ಯ ಬೀಗದ ಕೈ ಹಿಡಿದುಕೊಂಡು ನಿಂತಿದ್ದ.

ಅಡವಿಯಪ್ಪನವರು ಕೋಣೆಯ ಮುಂದೆ ನಿಂತು ತಗಡಿನ ಕಹಳೆಯನ್ನು ಬಾಯಿಗಿಟ್ಟುಕೊಂಡರು. "ಬಂಧುಗಳೇ! ಹೆದರಬೇಡಿ! ಇವತ್ತಿನಿಂದ ನೀವು ಯಾರ ಆಳೂ ಅಲ್ಲ! ಒಳಗಿದ್ದವರು ಒಂದು ಸಲ ಕೂಗಿ!"

ಒಳಗಿನಿಂದ ಯಾರೂ ಕೂಗಲಿಲ್ಲ.

"ನೋಡಿದ್ರಾ? ಎಂಟು ತಲೆಮಾರಿನ ಭಯ" ಎಂದು ಅಡವಿಯಪ್ಪನವರು ಕಣ್ಣೊರೆಸಿಕೊಂಡರು.

ಬೆಟ್ಟಸ್ವಾಮಿ ಕಂಗಾಲಾಗಿ ಚನ್ನವೀರಯ್ಯನ ಹತ್ತಿರ ಬಂದ. "ಏನ್ ಸ್ವಾಮಿ ಇದು? ಪೋಲೀಸ್ನೋರೂ ದಾಸೋಹಕ್ಕೆ ಬಂದವ್ರಾ?"

ಚನ್ನವೀರಯ್ಯ ಉತ್ತರ ಹೇಳುವಷ್ಟರಲ್ಲಿ ಪೇದೆಯೊಬ್ಬ ಕೈಯಿಂದ ಬೀಗದ ಕೈ ಕಿತ್ತುಕೊಂಡು ಬಾಗಿಲು ತೆರೆದ. ಅಡವಿಯಪ್ಪನವರು ಮೂಗಿಗೆ ಕರ್ಚೀಫು ಒತ್ತಿ ಒಳಗೆ ನುಗ್ಗಿದರು. ಖಾಲಿ ಕೋಣೆ. ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ, ಅದರ ಮೇಲೆ ಕಾವಿಗೆಂದು ಉರಿಯುತ್ತಿರುವ ಬಲ್ಬು.

"ಎಲ್ರೀ ಜನ?"

"ಅದರೊಳಗೆ..." ಎಂದು ಚನ್ನವೀರಯ್ಯ ಬೆರಳು ತೋರಿಸಿದ.

ಅಡವಿಯಪ್ಪನವರ ಬುದ್ಧಿ ಚುರುಕಾಗಿ ಕೆಲಸ ಮಾಡಿತು. "ಗೊತ್ತಾಯ್ತು! ಪೆಟ್ಟಿಗೆ ಕೆಳಗೆ ನೆಲಮಾಳಿಗೆ ಇದೆ! ಅದನ್ನ ಆ ಕಡೆ ಉರುಳಿಸ್ರೋ!"

ಇಬ್ಬರು ಪೇದೆಗಳು ಪೆಟ್ಟಿಗೆಯ ಅಂಚಿಗೆ ಕೈಹಾಕಿದರು. ಪೆಟ್ಟಿಗೆ ಒಂದು ಕಡೆ ವಾಲಿತು. ಒಳಗಿನ ಗಾಜು ಕಿರ್ರೆಂದಿತು. ಡಾಕ್ಟರ ಹತ್ತು ವರ್ಷದ ಚಿರತೆ, ಕೊಕ್ಕರೆ, ಇಲಿಯ ಚರ್ಮ ಎಲ್ಲವೂ ಆ ಗೋಡೆಯ ಆಚೆಗೇ ಇದ್ದವು. ಬಾಗಿಲಲ್ಲಿ ಬೆಟ್ಟಸ್ವಾಮಿ ಇಣುಕುತ್ತಿದ್ದ, ಅವನ ಹೆಗಲ ಮೇಲಿಂದ ಹೊಂಬಾಳಮ್ಮನ ಎರಡು ಚೂಪು ಕಣ್ಣು ಕಾಣುತ್ತಿದ್ದವು. ಚನ್ನವೀರಯ್ಯ ಅವರನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಆಮೇಲೆ ಓಡಿಹೋಗಿ ಪೆಟ್ಟಿಗೆಯ ಮೇಲೆ ಬೋರಲು ಬಿದ್ದು ಅದನ್ನು ತಬ್ಬಿಕೊಂಡ.

"ಮುಟ್ಬೇಡಿ! ಹುಳಾ ಸ್ವಾಮಿ, ಹುಳಾ! ಮನುಷ್ಯರಲ್ಲ, ಹುಳಾ! ಸತ್ತ ಇಲಿ ಮಾಂಸ ತಿಂದು ಮೂಳೆ ಚೊಕ್ಕಟ ಮಾಡೋ ಹುಳಾ! ಎರಡು ವರ್ಸದಿಂದ ನಾನೇ ಕೈಯಾರೆ ಮಾಂಸ ಹಾಕಿ ಸಾಕಿದೀನಿ! ಯಾರಿಗೂ ಹೇಳಿಲ್ಲ! ಹೆಂಡ್ತಿಗೂ ಹೇಳಿಲ್ಲ, ಬೀಗರಿಗೂ ಹೇಳಿಲ್ಲ! ನಾನು ಯಾರ ಮೇಲ್ವಿಚಾರಕನೂ ಅಲ್ಲ, ಅಟೆಂಡ್ರು! ನನ್ನ ಜೈಲಿಗೆ ಹಾಕಿ, ಈ ಪೆಟ್ಗೆ ಮಾತ್ರ ಉರುಳಿಸ್ಬೇಡಿ!"

ಒಬ್ಬ ಪೇದೆ ಮೆಲ್ಲಗೆ ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ, "ಅಯ್ಯಯ್ಯಪ್ಪಾ!" ಎಂದು ಮುಚ್ಚಿದ. ಅದೇ ಹೊತ್ತಿಗೆ ಕಡಬದಿಂದ ಬಂದಿಳಿದ ಡಾಕ್ಟರ್ ಶಕುಂತಲಮ್ಮನವರು ಇಲಿಯ ಬೋನುಗಳನ್ನು ಹಿಡಿದು ಜನರನ್ನು ಸರಿಸಿಕೊಂಡು ಒಳಗೆ ಬಂದರು. ಪೆಟ್ಟಿಗೆಯ ಮೇಲೆ ಮಲಗಿದ್ದ ಅಟೆಂಡರನ್ನೂ ಕಹಳೆ ಹಿಡಿದ ಅಧಿಕಾರಿಯನ್ನೂ ನೋಡಿ, "ನನ್ನ ಡರ್ಮೆಸ್ಟಿಡ್ಸ್ ಹತ್ರ ನಿಮಗೆಲ್ಲಾ ಏನ್ರೀ ಕೆಲಸ?" ಎಂದು ಗುಡುಗಿದರು.

"ಏನಂದ್ರಿ? ಧರ್ಮಿಷ್ಠರು?" ಎಂದ ಬೆಟ್ಟಸ್ವಾಮಿ.

ಡಾಕ್ಟರು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಅಡವಿಯಪ್ಪನವರು ಕೇಳಿ ಮುಗಿಸಿ, ಕಹಳೆಯನ್ನು ಕೆಳಗಿಟ್ಟು, ಹೊಸ್ತಿಲ ಮೇಲೆ ಕುಸಿದು ಕೂತರು. ಎಲ್ಲರೂ ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡರೆ ಅವರು ನಗತೊಡಗಿದರು.

"ಹುಳಾ ಅಂತ ಖಚಿತಾನಾ ಡಾಕ್ಟ್ರೇ?"

"ನೂರಕ್ಕೆ ನೂರು."

"ನೀವು ನೂರು ವರ್ಷ ಬಾಳಿ ತಾಯೀ! ಬಿಡಿಸಿದ ಒಬ್ಬೊಬ್ಬರಿಗೂ ಒಂದು ಸೈಟು, ಎರಡು ಮೇಕೆ ಕೊಡಿಸ್ಬೇಕು. ತಂತಿ ಕೊಟ್ಟ ಮೇಲೆ ಜ್ಞಾಪಕ ಬಂತು. ಹತ್ತು ಸಾವಿರ ಮೇಕೆ ಎಲ್ಲಿಂದ ತರ್ಲಿ? ನಾಲ್ಕು ದಿನದಿಂದ ಅನ್ನ ಸೇರಿಲ್ಲ ನನಗೆ." ಅವರು ಚಿಕ್ಕಬೀರಯ್ಯನ ಕಡೆ ತಿರುಗಿದರು. "ಬರಕೊಳಯ್ಯ. ಸ್ಥಳ ಪರಿಶೀಲಿಸಲಾಯಿತು. ಒಳಗಿದ್ದವರು ಬಿಡುಗಡೆಗೆ ಅರ್ಹರಲ್ಲ."

ಅಧಿಕಾರಿಯ ಕಂಟಕವೇನೋ ಕಳೆಯಿತು. ಚನ್ನವೀರಯ್ಯ ಮಾತ್ರ ಪೆಟ್ಟಿಗೆ ಬಿಟ್ಟು ಎದ್ದಿರಲಿಲ್ಲ. ಎದ್ದರೆ ಕುಣಿಗಲ್ಲಿನವರ ಮುಖ ನೋಡಬೇಕಿತ್ತು. ಕೊನೆಗೆ ಬೆಟ್ಟಸ್ವಾಮಿಯೇ ಬಂದು ರಟ್ಟೆ ಹಿಡಿದು ಎಬ್ಬಿಸಿದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಇವತ್ತು ಬಂದಿದ್ದು ಈ ಸಂಬಂಧ ಬ್ಯಾಡ ಅನ್ನಕ್ಕೆ."

ಚನ್ನವೀರಯ್ಯ ಮತ್ತೆ ಪೆಟ್ಟಿಗೆಯ ಅಂಚು ಹಿಡಿದುಕೊಂಡ.

"ನನ್ನ ಮಗ ಮೂವತ್ತೆರಡು ಮಕ್ಳಿಗೆ ಅಆಇಈ ಹೇಳ್ಕೊಡೋನು. ಐದು ಸಾವ್ರ ಜನನ ಆಳೋ ಮನೆ ಹುಡುಗೀನ ತಂದು ಹೆಂಗೆ ಸಾಕ್ಲಿ ಅಂತ ಒಂದು ವಾರದಿಂದ ಒದ್ದಾಡ್ತಿದ್ದೆ. ನೀವು ಅಟೆಂಡ್ರು ಅಂದ್ರಲ್ಲ, ಜೀವ ಬಂದಂಗಾಯ್ತು. ಆದ್ರೆ ಆ ಊಟದ ವಿಷಯ... ಅದು ಅವ್ವ ಹೇಳ್ಬೇಕು."

ಹೊಂಬಾಳಮ್ಮ ಒಳಗೆ ಬಂದಳು. ಮುಚ್ಚಳ ತೆಗೆಯಲು ಹೇಳಿ, ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದಳು. ಹತ್ತಿಯ ನಡುವೆ ಕಪ್ಪು ಹುಳಗಳು ಇಲಿಯೊಂದರ ಪಕ್ಕೆಲುಬಿನೊಳಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಮುದುಕಿ ಮುಖ ಎತ್ತಿ ಶಿವಗಂಗೆಯನ್ನು ಹತ್ತಿರ ಕರೆದಳು.

"ನಿಂಗೆ ಇದು ಗೊತ್ತಿತ್ತೇನೇ ಮಗಾ?"

"ಗೊತ್ತಿತ್ತು" ಎಂದಳು ಶಿವಗಂಗೆ, ಮುದುಕಿಗೆ ಕೇಳುವಷ್ಟು ಗಟ್ಟಿಯಾಗಿ. "ಅಪ್ಪನ ಅಂಗಿ ಒಗೆಯೋಳು ನಾನೇ ಅಲ್ವಾ ಅಜ್ಜಿ. ಜೇಬಲ್ಲಿ ದಿನಾ ಸತ್ತ ಹುಳ ಸಿಕ್ತಿದ್ವು. ಒಂದಿನ ಇಲ್ಲಿಗೆ ಬಂದು ಕಿಟಕೀಲಿ ನೋಡಿದ್ದೆ."

"ಮತ್ತೆ ಯಾಕೆ ಬಾಯ್ಬಿಡ್ಲಿಲ್ಲ?"

"ಅಪ್ಪ ಅದನ್ನ ನಾಚ್ಕೊಂಡು ಮುಚ್ಚಿಟ್ಟಿದ್ರು. ಅವ್ರಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಚನ್ನವೀರಯ್ಯನಿಗೆ ದುಃಖ ಒತ್ತರಿಸಿಕೊಂಡು ಬಂತು. ಎರಡು ವರ್ಷ ತಾನು ಮಗಳ ಮುಂದೆ ಜಂಬದಿಂದ ಕೋಟು ಕೊಡವಿಕೊಂಡು ಹೊರಟಾಗಲೆಲ್ಲ ಅವಳು ಸುಮ್ಮನೆ ನೋಡುತ್ತಿದ್ದದ್ದು ಏಕೆಂದು ಈಗ ತಿಳಿಯಿತು. ಅವನು ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

"ಲೇ ಬೆಟ್ಟಸ್ವಾಮಿ" ಎಂದಳು ಹೊಂಬಾಳಮ್ಮ. "ತಂದಿರೋ ಎಲೆ ಅಡಿಕೆ ತೆಗಿ. ಅಪ್ಪನ ಮಾನ ಕಾಯ್ದೋಳು ನಮ್ಮನೆ ಮಾನಾನೂ ಕಾಯ್ತಾಳೆ. ಇನ್ನು ಈ ಮಾರಾಯ, ಇಷ್ಟು ಜನದ ಎದುರಿಗೆ ನಾನೇ ತಪ್ಪು ಮಾಡ್ದೋನು ಅಂತ ಅರಚ್ಕೊಂಡ. ಈ ವಯಸ್ಸಿಗೆ ಅಂಥ ಗಂಡಸನ್ನ ನಾನು ಇವತ್ತೇ ನೋಡಿದ್ದು. ತಿನ್ನೋವು ಹುಳ, ಇವ್ನಲ್ವಲ್ಲ. ಕೈ ತೊಳ್ಕೊಂಡ್ರೆ ಆಯ್ತು, ಬುಡು."

ಬಸವಲಿಂಗಮ್ಮ ಹುಣಸೆಮರದ ಕೆಳಗೆ ಹೋ ಎಂದು ಅತ್ತುಬಿಟ್ಟಳು. ಅವಳನ್ನು ಸಮಾಧಾನ ಮಾಡಿದವಳು ರೇವಮ್ಮನೇ. ನಾಲ್ಕು ಸಾವಿರ ತಂಬಿಟ್ಟು ಪೇದೆಗಳ ಪಾಲಿಗೂ ಲಾರಿ ಡ್ರೈವರುಗಳ ಪಾಲಿಗೂ ಇಡೀ ವಠಾರದ ಪಾಲಿಗೂ ಬಂತು. ನಾಲ್ಕು ದಿನದಿಂದ ಅನ್ನ ಸೇರದಿದ್ದ ಅಡವಿಯಪ್ಪನವರು ಒಬ್ಬರೇ ಒಂಬತ್ತು ತಿಂದರು.

ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸುತ್ತಿದ್ದ ಬೆಟ್ಟಸ್ವಾಮಿಗೆ ಏನೋ ನೆನಪಾಗಿ ಕೈ ನಿಂತಿತು. "ಅವ್ವಾ, ಊರಲ್ಲಿ ಎಲ್ರೂ ಬೀಗರಿಗೆ ಏನು ಕೆಲ್ಸ ಅಂತ ಕೇಳ್ತಾರೆ. ಏನಂತ ಹೇಳ್ಲಿ?"

"ಹುಳ ಸಾಕ್ತಾರೆ ಅನ್ನು" ಎಂದಳು ಹೊಂಬಾಳಮ್ಮ, ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ. "ನಮ್ ಕಡೆ ಯಾರು ಸಾಕಲ್ಲ ಹೇಳು? ರೇಷ್ಮೆ ಅಂದ್ಕೊಂಡು ಸುಮ್ಕಾಯ್ತಾರೆ. ನೀನೇನೂ ಸುಳ್ಳು ಹೇಳ್ದಂಗಾಗಲ್ಲ."

ಚನ್ನವೀರಯ್ಯ ಮುಖದ ಮೇಲಿನ ವಸ್ತ್ರ ತೆಗೆದ. "ಹುಳ ಸಾಕ್ತೀನಿ" ಎಂದು ತನ್ನಷ್ಟಕ್ಕೆ ಒಂದು ಸಲ ಹೇಳಿ ನೋಡಿದ. ಎರಡೇ ಎರಡು ಮಾತು. ಎಂಥ ಮರ್ಯಾದಸ್ಥ ಮಾತು! ಇನ್ನೊಂದು ಸಲ ಹೇಳಿದ. ಆಮೇಲೆ ಅವನಿಗೆ ನಗು ಬಂದದ್ದು ಯಾರು ಎಷ್ಟು ಹೇಳಿದರೂ ನಿಲ್ಲಲಿಲ್ಲ. ಡಾಕ್ಟರು ನೀರು ತಂದುಕೊಟ್ಟರು, ಬಸವಲಿಂಗಮ್ಮ "ಸಾಕು ನಿಮ್ಮ ನಗು, ಬೀಗರು ತಟ್ಟೆ ಹಿಡ್ಕೊಂಡು ನಿಂತವ್ರೆ" ಎಂದು ತಿವಿದಳು. ಅವನು ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಲೇ ಎರಡೂ ಕೈ ಚಾಚಿ ತಾಂಬೂಲ ತೆಗೆದುಕೊಂಡ.